ಕೂಬರ್ ಪೀಡಿಯ ಓಲ್ಡ್ ಟೈಮರ್ಸ್ ಮೈನ್: ಆತುರಪಡದೆ ನೋಡಬೇಕಾದ ಗಣಿ

ದಕ್ಷಿಣ ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ನೆಲದಡಿಯ ಗಣಿ ತೋರಿಸುವ ಜಾಗಗಳು ಒಂದಲ್ಲ, ಹಲವಿವೆ. ಒಂದಕ್ಕಷ್ಟೇ ಸಮಯವಿದ್ದರೆ ಓಲ್ಡ್ ಟೈಮರ್ಸ್ ಮೈನ್‌ಗೆ ಹೋಗಿ. 1916ರ ಕಾಲದಲ್ಲಿ ಪಿಕಾಸಿ ಹಿಡಿದು ಕೈಯಿಂದಲೇ ತೋಡಿದ ಸುರಂಗಗಳು ಇಲ್ಲಿ ಹಾಗೇ ಇವೆ. ಅವರು ಹುಡುಕುತ್ತಿದ್ದದ್ದು ಓಪಲ್, ಬಣ್ಣಬಣ್ಣವಾಗಿ ಹೊಳೆಯುವ ರತ್ನದ ಕಲ್ಲು. ತೆಗೆಯದೆ ಬಿಟ್ಟ ಓಪಲ್ ಕೂಡ ಗೋಡೆಯಲ್ಲೇ ಇದೆ. ಹಳಬರು ಮಣ್ಣು ತುಂಬಿ ಮುಚ್ಚಿದ್ದ ಗಣಿ ಇದು. 1968ರಲ್ಲಿ ನೆಲದಡಿಯ ಮನೆಯೊಂದನ್ನು ದೊಡ್ಡದು ಮಾಡಲು ಕೊರೆಯುವಾಗ ಮತ್ತೆ ಬೆಳಕಿಗೆ ಬಂತು.

ಇಲ್ಲಿ ಗೈಡ್ ಹಿಂದೆ ಓಡಬೇಕಿಲ್ಲ. ಹೆಲ್ಮೆಟ್ ಹಾಕಿಕೊಂಡು, ಫಲಕ ಓದುತ್ತಾ ನಮ್ಮ ಪಾಡಿಗೆ ನಾವು ನಡೆಯಬಹುದು. ಅದೇ ಇದರ ದೊಡ್ಡ ಗುಣ, ಅದೇ ತೊಂದರೆಯೂ ಹೌದು: ಬಹಳ ಜನ ಸರಸರನೆ ಹೊರಬಂದುಬಿಡುತ್ತಾರೆ. ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಹೆಲ್ಮೆಟ್ ಪಟ್ಟಿಯನ್ನು ಮೊದಲೇ ಬಿಗಿ ಮಾಡಿಕೊಳ್ಳಿ, ಏಕೆಂದರೆ ಚಾವಣಿ ಕೆಲವೆಡೆ ತೀರಾ ತಗ್ಗು. ಅದಕ್ಕೂ ಕಾರಣವಿದೆ. ತೋಡಿದ ಮಣ್ಣನ್ನೆಲ್ಲ ಬಕೆಟ್‌ಗೆ ತುಂಬಿ, ಕೈರಾಟೆ ತಿರುಗಿಸಿ ಮೇಲೆ ಸೇದಬೇಕಿತ್ತು. ಹಾಗಾಗಿ ಕೂತು ಕೆಲಸ ಮಾಡುವಷ್ಟು ಜಾಗ ಸಿಕ್ಕರೆ ಸಾಕು, ಇನ್ನೊಂದು ಅಡಿ ಯಾರೂ ತೋಡುತ್ತಿರಲಿಲ್ಲ.

ಓಪಲ್ ಪದರ ಕಂಡಲ್ಲಿ ಐದು ನಿಮಿಷ ನಿಲ್ಲಿ. ನೇರ ಬೆಳಕು ಹಾಕಿದರೆ ಬೂದು ಗಾಜಿನ ಗೆರೆಯಂತೆ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು, ತಲೆಯನ್ನು ನಿಧಾನವಾಗಿ ಅತ್ತಿತ್ತ ಸರಿಸಿ. ಹಸಿರು ಹೊಳೆಯುತ್ತಿದ್ದ ಜಾಗದಲ್ಲೇ ನೀಲಿ ಬರುತ್ತದೆ, ಮರುಗಳಿಗೆ ಏನೂ ಇರುವುದಿಲ್ಲ. ಓಪಲ್‌ನೊಳಗೆ ಒಂದೇ ಗಾತ್ರದ ಸಿಲಿಕಾ ಗೋಲಿಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದು, ಬೆಳಕನ್ನು ಒಡೆದು ಬಣ್ಣ ಮಾಡುತ್ತವೆ. ಗೋಲಿಗಳು ಅಡ್ಡಾದಿಡ್ಡಿಯಾಗಿದ್ದರೆ ಬಣ್ಣವಿಲ್ಲದ ‘ಪಾಚ್’ ಅಷ್ಟೇ. ಗಣಿಯಲ್ಲಿ ಸಿಗುವುದು ಬಹುಪಾಲು ಅದೇ. ಕ್ಯಾಮೆರಾ ಫ್ಲ್ಯಾಶ್ ಆರಿಸಿಬಿಡಿ, ಬಣ್ಣವನ್ನು ಅದು ನುಂಗಿಹಾಕುತ್ತದೆ.

ಸುರಂಗ ಯಾಕೆ ಹೀಗೆ ಸೊಟ್ಟಸೊಟ್ಟ ಎಂಬುದೂ ಗೋಡೆ ನೋಡಿದರೆ ತಿಳಿಯುತ್ತದೆ. ಓಪಲ್ ಹೆಚ್ಚಾಗಿ ಅಡ್ಡ ಪದರದಲ್ಲಿ, ಕೆಲವೊಮ್ಮೆ ಕಡಿದಾದ ಬಿರುಕಿನಲ್ಲಿ ಕೂತಿರುತ್ತದೆ. ಗಣಿಯವರು ಗೆರೆಯ ಬೆನ್ನುಹತ್ತಿದ್ದಾರೆ, ಗೆರೆ ಮುಗಿದಲ್ಲಿ ಕೈಬಿಟ್ಟಿದ್ದಾರೆ. ಊರವರು ಈ ಕಲ್ಲನ್ನು ಮರಳುಗಲ್ಲು ಎನ್ನುತ್ತಾರೆ. ನಿಜದಲ್ಲಿ ಇದು ಹಳೆಯ ಸಮುದ್ರತಳದ ಜೇಡಿಶಿಲೆ, ಹವೆಗೆ ಸಿಕ್ಕು ಬಿಳಿಚಿಕೊಂಡದ್ದು. ಮರದ ಆಸರೆ ಇಲ್ಲದೆಯೂ ಚಾವಣಿ ನಿಲ್ಲುತ್ತದೆ. ಊರಿನ ಅರ್ಧ ಜನ ನೆಲದೊಳಗೆ ಮನೆ ಮಾಡಿಕೊಳ್ಳಲು ಆಗಿರುವುದೂ ಅದರಿಂದಲೇ. ಇಲ್ಲಿರುವ ನೆಲದಡಿಯ ಮನೆಯನ್ನೂ ನೋಡಿ.

ಬ್ಲೋವರ್ ಯಂತ್ರ ಓಡಿಸಿ ತೋರಿಸುವ ಹೊತ್ತು ಯಾವುದೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿ. ಲಾರಿ ಮೇಲೆ ಕೂರಿಸಿದ ದೈತ್ಯ ವ್ಯಾಕ್ಯೂಮ್ ಕ್ಲೀನರ್ ಅದು. ಪೈಪಿನಲ್ಲಿ ಕಲ್ಲುಮಣ್ಣು ಹೀರಿ, ಡ್ರಮ್ ತುಂಬಿದಾಗ ಹೊರಗೆ ಸುರಿಯುತ್ತದೆ. ಕೈರಾಟೆ ನೋಡಿ ಬಂದ ಮೇಲೆ ಇದನ್ನು ಕಂಡರೆ ವ್ಯತ್ಯಾಸ ಮನಸ್ಸಿಗೆ ನಾಟುತ್ತದೆ. ಸದ್ದು ಜೋರು, ಚಿಕ್ಕ ಮಕ್ಕಳ ಕಿವಿ ಮುಚ್ಚಿ.

ನೂಡ್ಲಿಂಗ್ ಕೂಡ ಮಾಡಬಹುದು, ಅಂದರೆ ಹೊರಹಾಕಿದ ಮಣ್ಣಿನ ದಿಬ್ಬದಲ್ಲಿ ಓಪಲ್ ಚೂರು ಹುಡುಕುವುದು. ಒಂದು ಸಣ್ಣ ಸ್ಪ್ರೇ ಬಾಟಲಿಯಲ್ಲಿ ನೀರು ಒಯ್ಯಿರಿ. ಧೂಳು ಮೆತ್ತಿದ ಕಲ್ಲು ಒದ್ದೆಯಾದರೆ ತಾನೇ ಬಣ್ಣ ಕಾಣುವುದು! ಇದಕ್ಕೆಂದೇ ಬಿಟ್ಟ ಜಾಗದಲ್ಲಿ ಮಾತ್ರ ಹುಡುಕಿ. ಊರಾಚೆಯ ದಿಬ್ಬಗಳ ಸುತ್ತ ಮುಚ್ಚಳವಿಲ್ಲದ ಆಳದ ಗುಂಡಿಗಳು ಲೆಕ್ಕವಿಲ್ಲದಷ್ಟಿವೆ. ಫೋಟೊ ತೆಗೆಯುತ್ತಾ ಹಿಂದಕ್ಕೆ ಹೆಜ್ಜೆ ಇಡಲೇಬಾರದು.

ಬೇಸಿಗೆಯಲ್ಲಿ ಹೋದರೆ ಮಧ್ಯಾಹ್ನವನ್ನೇ ಗಣಿಗೆ ಇಟ್ಟುಕೊಳ್ಳಿ. ಹೊರಗೆ 40 ಡಿಗ್ರಿ ದಾಟಿದ್ದರೂ ಒಳಗೆ ಇಪ್ಪತ್ತರ ಆಸುಪಾಸಿನ ತಂಪು. ಮುಚ್ಚಿದ ಶೂ ಇರಲಿ. ಮೆಟ್ಟಿಲು, ಇಕ್ಕಟ್ಟಾದ ತಿರುವು ಇರುವುದರಿಂದ ಮಂಡಿನೋವಿನವರಿಗೆ, ಇಕ್ಕಟ್ಟಿನಲ್ಲಿ ಎದೆ ಬಡಿದುಕೊಳ್ಳುವವರಿಗೆ ಕಷ್ಟ. ಅಡಿಲೇಡ್‌ನಿಂದ ಸ್ಟುವರ್ಟ್ ಹೆದ್ದಾರಿಯಲ್ಲಿ ಸುಮಾರು 850 ಕಿ.ಮೀ. ದಾರಿ. ದಾರಿಯಲ್ಲಿ ಸಿಗುವ ಗ್ಲೆಂಡಾಂಬೊ ಊರು ದಾಟಿದರೆ ಸುಮಾರು 250 ಕಿ.ಮೀ. ಒಂದೂ ಪೆಟ್ರೋಲ್ ಬಂಕ್ ಇಲ್ಲ. ಕತ್ತಲಾದ ಮೇಲೆ ಕಾಂಗರೂ ಅಡ್ಡ ಬರುತ್ತವೆ, ಹಗಲಲ್ಲೇ ತಲುಪಿ.

ಇಲ್ಲಾಗಲಿ ಊರಿನಲ್ಲಾಗಲಿ ಓಪಲ್ ಕೊಳ್ಳುವುದಾದರೆ ಕಲ್ಲನ್ನು ಪಕ್ಕದಿಂದ ನೋಡಿ. ಕಪ್ಪು ತಳಕ್ಕೆ ಅಂಟಿಸಿದ ನೇರ ಗೆರೆ ಕಂಡರೆ ಡಬ್ಲೆಟ್, ಮೇಲೆ ಗಾಜಿನಂಥ ಗುಮ್ಮಟವೂ ಇದ್ದರೆ ಟ್ರಿಪ್ಲೆಟ್. ಎರಡೂ ತೆಳು ಓಪಲ್ ಪದರವನ್ನು ಅಂಟಿಸಿ ಮಾಡಿದವು. ಕೊಳ್ಳುವುದು ತಪ್ಪಲ್ಲ, ಆದರೆ ಅಂಟಿಸದ ಇಡಿಯ ಓಪಲ್‌ನ ಬೆಲೆ ಕೊಡಬೇಡಿ. ಇಂಥವು ನೀರಲ್ಲಿ ನೆನೆಸಿದರೆ ಅಂಟು ಬಿಟ್ಟು ಮಂಕಾಗುತ್ತವೆ. ಓಪಲ್‌ಗೆ ಒಡವೆಯ ಕಟ್ಟು ಹಾಕಿಸಿದ ಮೇಲೆ ಒಣ ಬಟ್ಟೆಯಿಂದ ಉಜ್ಜಬೇಡಿ. ಧೂಳಿನಲ್ಲಿರುವ ಮರಳಿನ ಕಣ ಓಪಲ್‌ಗಿಂತ ಗಟ್ಟಿ, ಗೀರು ಬೀಳುತ್ತದೆ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.