ಸಂಜೆಯ ಪೆಚಾಕುಚಾವೋ, ಬೆಳಗಿನ ಉಪನ್ಯಾಸವೋ: ಕಲಬುರಗಿಯ ಕಲಾವಿದರ ಕೂಟಕ್ಕೆ ಯಾವುದು ಹೊಂದೀತು?

ಕಲಬುರಗಿಯಲ್ಲಿ ಚಿತ್ರಕಾರರು, ಛಾಯಾಗ್ರಾಹಕರು, ರಂಗಕರ್ಮಿಗಳು ಮತ್ತು ಕುಶಲಕರ್ಮಿಗಳನ್ನು ಒಂದೆಡೆ ಸೇರಿಸುವ ಮಾತುಕತೆಯನ್ನು ಆರಂಭಿಸಬಯಸುವವರು ಎರಡು ಮಾದರಿಗಳನ್ನು ಪರಿಶೀಲಿಸಬಹುದು. 2003ರಲ್ಲಿ ವಾಸ್ತುಶಿಲ್ಪಿಗಳಾದ ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಟೋಕಿಯೊದಲ್ಲಿ ರೂಪಿಸಿದ ಪೆಚಾಕುಚಾದಲ್ಲಿ ಒಬ್ಬೊಬ್ಬರಿಗೆ 20 ಚಿತ್ರಗಳು, ಚಿತ್ರವೊಂದಕ್ಕೆ 20 ಸೆಕೆಂಡು. ಹೀಗೆ 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಲೇಬೇಕು. 2008ರಲ್ಲಿ ಟೀನಾ ರಾತ್ ಐಸೆನ್‌ಬರ್ಗ್ ನ್ಯೂಯಾರ್ಕಿನಲ್ಲಿ ಆರಂಭಿಸಿದ ಕ್ರಿಯೇಟಿವ್ ಮಾರ್ನಿಂಗ್ಸ್‌ನಲ್ಲಿ ತಿಂಗಳಿಗೊಂದು ಬೆಳಿಗ್ಗೆ ಉಚಿತ ಉಪನ್ಯಾಸ ನಡೆಯುತ್ತದೆ.

ಹಲವರನ್ನು ಒಂದೇ ಸಂಜೆ ಪರಿಚಯಿಸಬೇಕಾದರೆ ಪೆಚಾಕುಚಾ ಮೇಲು. ಭಾಷಣ ಲಂಬಿಸುವ ನಮ್ಮ ಸಭೆಗಳಿಗೆ ಈ ಕಟ್ಟುಪಾಡು ಒಳ್ಳೆಯದೇ. ಆದರೆ ಬೀದರಿನಿಂದ ಬಿದರಿ ಕುಶಲಕರ್ಮಿಯೊಬ್ಬರನ್ನು ಕರೆಸಿದರೆ ಈ ವೇಗ ಒಗ್ಗುವುದಿಲ್ಲ. ಬೆಳ್ಳಿ ಕೂರಿಸಿದ ಸತು-ತಾಮ್ರದ ಹೂಜಿಗೆ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣವನ್ನು ಲೇಪಿಸಿದಾಗ ಲೋಹವು ಕಪ್ಪಾಗಿ, ಬೆಳ್ಳಿಯ ಬಳ್ಳಿ ಮಾತ್ರ ಹೊಳೆಯುತ್ತ ಉಳಿಯುವುದನ್ನು ಸಭಿಕರು ಹತ್ತಿರದಿಂದ ನೋಡಬೇಕು, ಪ್ರಶ್ನೆ ಕೇಳಬೇಕು. ಅದಕ್ಕೆ ಬೆಳಗಿನ ಕೂಟವೇ ಸರಿ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೂ ಅದು ಅನುಕೂಲ. ಚಹಾ, ಸುಸಲಾ, ಮಿರ್ಚಿಗೆ ಆಗುವ ಖರ್ಚೂ ಅಲ್ಪ. ದಿನಗೂಲಿಯನ್ನು ನಂಬಿದವರಿಗೆ ಮಾತ್ರ ಕೆಲಸದ ದಿನದ ಬೆಳಗು ಕಷ್ಟವಾದ್ದರಿಂದ ಭಾನುವಾರವನ್ನು ಆರಿಸುವುದು ಲೇಸು.

ಈ ಎರಡು ಹೆಸರುಗಳನ್ನು ಬಳಸಲು ಆಯಾ ಸಂಸ್ಥೆಯ ಒಪ್ಪಿಗೆ ಬೇಕು. ಊರಿನ ಹೆಸರಿನಲ್ಲೇ ಸ್ವತಂತ್ರವಾಗಿ ನಡೆಸುವುದಾದರೆ ಆ ಗೋಜಿಲ್ಲ.