ಹೊಸ ಲೆಕ್ಚರರ್‌ಗಳಿಗೆ ಜೊತೆಯವರೇ ನಡೆಸುವ ಗುಂಪು: ಸೇರಬಹುದಾ?

ಖಂಡಿತ ಸೇರಿ, ಅದೂ ಕೆಲಸಕ್ಕೆ ಬಂದ ಮೊದಲ ವರ್ಷವೇ. ಹೊಸಬರು ಸೇರಿ ಪಾಠದ ಕಷ್ಟಸುಖ ಮಾತಾಡಿಕೊಳ್ಳುವ ಈ ಗುಂಪನ್ನು ನಮ್ಮ ಯೂನಿವರ್ಸಿಟಿಯಲ್ಲಿ ನಡೆಸುವವರು ನಮಗಿಂತ ಎರಡು ಮೂರು ವರ್ಷ ಮುಂಚೆ ಬಂದವರು. ಇದರ ಬಲವೇ ಅದು. ದಶಕಗಳಿಂದ ಪಾಠ ಮಾಡಿದವರಿಗೆ ಮೊದಲ ಸೆಮಿಸ್ಟರ್ ಅಷ್ಟಾಗಿ ನೆನಪಿರುವುದಿಲ್ಲ. ಒಂದು ಗಂಟೆಯ ಕ್ಲಾಸಿಗೆ ಇಡೀ ದಿನ ತಯಾರಿ ಮಾಡುವುದು, ಮಾರ್ಕ್ಸ್ ಕಡಿಮೆ ಬಂತು ಅಂತ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಏನು ಹೇಳುವುದೋ ತಿಳಿಯದೆ ಒದ್ದಾಡುವುದು, ಇವೆಲ್ಲ ಇವರಿಗೆ ಇನ್ನೂ ಹಸಿಹಸಿಯಾಗಿ ನೆನಪಿದೆ.

ನನಗೆ ಜಾಸ್ತಿ ಇಷ್ಟವಾದದ್ದು ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಹೋಗಿ ಕೂರುವುದು. ಏನನ್ನು ಗಮನಿಸಬೇಕು ಅಂತ ಪಾಠ ಮಾಡುವವರೇ ಮೊದಲು ಹೇಳುತ್ತಾರೆ. 'ಪ್ರಶ್ನೆ ಕೇಳಿದರೆ ಯಾರೂ ಬಾಯೇ ಬಿಡಲ್ಲ, ಯಾಕೆ ಅಂತ ನೋಡ್ತೀರಾ?' ಅಂದಿದ್ದರು ಒಬ್ಬರು. ಹಿಂದಿನ ಬೆಂಚಿನಲ್ಲಿ ಕೂತು, ಪ್ರತಿ ಪ್ರಶ್ನೆಯ ಪಕ್ಕ ಅವರು ಎಷ್ಟು ಸೆಕೆಂಡ್ ಕಾದರು ಅಂತ ಬರೆಯುತ್ತಾ ಹೋದೆ. ಒಂದು, ಒಂದೂವರೆ, ಮತ್ತೆ ಒಂದು. ಅಷ್ಟರಲ್ಲಿ ಉತ್ತರ ಅವರೇ ಹೇಳಿಬಿಡುತ್ತಿದ್ದರು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಶಾಲೆಗಳಲ್ಲಿ ಇದನ್ನು ಅಳೆದು ತೋರಿಸಿದ್ದರು: ಟೀಚರ್‌ಗಳು ಕಾಯುವುದು ಸುಮಾರು 1 ಸೆಕೆಂಡ್, ಅದನ್ನು 3 ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂತುಬಿಡುವವರು ಕಡಿಮೆಯಾಗುತ್ತಾರೆ. ಆದರೆ ತಮ್ಮದೇ ಕ್ಲಾಸಿನ ಲೆಕ್ಕ ಕಣ್ಣೆದುರು ಬಂದಾಗ ಅದು ನಾಟುವ ರೀತಿಯೇ ಬೇರೆ. ಮುಂದಿನ ಕ್ಲಾಸಿನಲ್ಲಿ ಅವರು ಮನಸ್ಸಿನಲ್ಲೇ ಮೂರು ಎಣಿಸಿದರು. ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು.

ಆ ಹಾಳೆ ಹೋಗಿದ್ದು ಅವರ ಕೈಗೆ ಮಾತ್ರ. ವಿಭಾಗದ ಮುಖ್ಯಸ್ಥರಿಗೂ ಇಲ್ಲ, ಬಡ್ತಿಯ ಫೈಲಿಗೂ ಇಲ್ಲ. ಆ ಧೈರ್ಯ ಇದ್ದರೆ ತಾನೇ ಯಾರಾದರೂ ಮನಸ್ಸು ಬಿಚ್ಚಿ ಮಾತಾಡೋದು, ಅಲ್ವಾ?

ಕೊರತೆಯೂ ಇದೆ. ನಡೆಸುವವರ ಈ ಕೆಲಸವನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಉತ್ತರ ಪತ್ರಿಕೆ ತಿದ್ದುವ ಹೊತ್ತಿಗೆ, ಅಂದರೆ ಎಲ್ಲರಿಗೂ ಆಸರೆ ಬೇಕಾದ ಹೊತ್ತಿಗೇ, ಮೀಟಿಂಗ್ ನಿಂತುಹೋಗುತ್ತದೆ. ಅವರಿಗೆ ಸೆಮಿಸ್ಟರ್‌ಗೆ ಪಾಠ ಮಾಡುವ ಒಂದು ಪೇಪರ್ ಕಡಿಮೆ ಕೊಡಲೇಬೇಕು. ಇನ್ನು ಗುತ್ತಿಗೆ ಮುಂದುವರಿಯುತ್ತೋ ಇಲ್ಲವೋ ಅನ್ನುವ ಚಿಂತೆಗೆ ಈ ಗುಂಪಿನಲ್ಲಿ ಪರಿಹಾರ ಇಲ್ಲ, ಕೇಳಿಸಿಕೊಳ್ಳುವ ಕಿವಿ ಮಾತ್ರ ಇದೆ.

ನಿಮ್ಮಲ್ಲೂ ಇಂಥ ಗುಂಪಿದ್ದರೆ, ಕ್ಲಾಸಿಗೆ ಯಾರನ್ನಾದರೂ ಕರೆಯುವ ಮುಂಚೆ ಆ ನೋಟ್ಸ್ ಯಾರ ಕೈಗೆ ಹೋಗುತ್ತದೆ ಅಂತ ಕೇಳಿ. ಮುಖ್ಯಸ್ಥರಿಗೂ ಒಂದು ಕಾಪಿ ಹೋಗುತ್ತದೆ ಅಂದರೆ, ಗುಂಪಿನ ಚರ್ಚೆಗೆ ಮಾತ್ರ ಹೋಗಿ ಬನ್ನಿ, ಕ್ಲಾಸಿಗೆ ಕರೆಯಬೇಡಿ.