‘ಹೀರೋಸ್ ಅಂಡ್ ವಿಲನ್ಸ್’ ಡಿವಿಡಿ: ಆರು ವರ್ಷ ಮಕ್ಕಳ ಜೊತೆ ನೋಡಿದ ಮೇಲೆ

ನಾನು ಶ್ರೀರಂಗಪಟ್ಟಣದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬಿಬಿಸಿಯವರ ಈ ಸರಣಿಯನ್ನು ಆರು ವರ್ಷದಿಂದ ಶನಿವಾರ ಕ್ಲಾಸ್ ಮುಗಿದ ಮೇಲೆ ಮಕ್ಕಳಿಗೆ ತೋರಿಸುತ್ತಾ ಬಂದಿದ್ದೇನೆ. ಮನೆಯಲ್ಲಿ ಅಪ್ಪನ ಜೊತೆ ಕೂತು ನೋಡಿದ್ದು ಬೇರೆ. ನೆಪೋಲಿಯನ್ ಕಂತನ್ನಂತೂ ಹತ್ತು ಸಲವಾದರೂ ನೋಡಿದ್ದೇನೆ. ತಗೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವ ಮೇಷ್ಟ್ರುಗಳಿಗೆ, ತಂದೆತಾಯಂದಿರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಸರಣಿ ಬಂದದ್ದು 2007–08ರಲ್ಲಿ. ಒಟ್ಟು ಆರು ಕಂತು, ಒಂದೊಂದೂ ಸುಮಾರು ಒಂದು ಗಂಟೆ. ನೆಪೋಲಿಯನ್, ಹೂಣರ ದೊರೆ ಅಟಿಲಾ, ರೋಮಿನ ವಿರುದ್ಧ ಬಂಡೆದ್ದ ಗುಲಾಮ ಸ್ಪಾರ್ಟಕಸ್, ಮೆಕ್ಸಿಕೋದ ಅಜ್ಟೆಕ್ ರಾಜ್ಯ ಗೆದ್ದ ಸ್ಪೇನಿನ ಕೊರ್ಟೆಸ್, ಇಂಗ್ಲೆಂಡಿನ ರಾಜ ರಿಚರ್ಡ್, ಜಪಾನಿನ ಟೊಕುಗಾವಾ ಇಯೆಯಾಸು. ಯಾರ ಕತೆಯನ್ನೂ ತೊಟ್ಟಿಲಿನಿಂದ ಸಮಾಧಿವರೆಗೆ ಹೇಳಲು ಹೋಗಿಲ್ಲ. ಅವನ ಬದುಕಿನಲ್ಲಿ ಒಂದು ಗಟ್ಟಿ ಸಂದರ್ಭ ಹಿಡಿದುಕೊಂಡು ಅದರೊಳಗೇ ನಿಲ್ಲುತ್ತಾರೆ. ನನಗೆ ಇಷ್ಟವಾದದ್ದೇ ಇದು. ಇಸವಿ ಬಾಯಿಪಾಠ ಮಾಡಿ ಸುಸ್ತಾದ ಮಕ್ಕಳು, ಒಬ್ಬ ಮನುಷ್ಯ ಕೂತು ತಲೆ ಓಡಿಸುವುದನ್ನು ಇಲ್ಲಿ ನೋಡುತ್ತಾರೆ.

ನೆಪೋಲಿಯನ್ ಕಂತು 1793ರ ಟೂಲೋನ್ ಮುತ್ತಿಗೆಯದು. ದಕ್ಷಿಣ ಫ್ರಾನ್ಸಿನ ಆ ಬಂದರು ಬ್ರಿಟಿಷ್ ನೌಕಾಪಡೆಯ ಕೈಯಲ್ಲಿದೆ. ನೆಪೋಲಿಯನ್‌ಗೆ ಆಗ 24 ವರ್ಷ, ಫಿರಂಗಿ ದಳದ ಕ್ಯಾಪ್ಟನ್. ಊರಿನ ಮೇಲೆ ನುಗ್ಗುವುದು ಬೇಡ, ಹಡಗು ನಿಂತಿರುವ ಕೊಲ್ಲಿಯ ಮೇಲಿನ ಗುಡ್ಡ ಹಿಡಿಯೋಣ, ಅಲ್ಲಿಂದ ಗುಂಡು ಬೀಳಲು ಶುರುವಾದರೆ ಹಡಗುಗಳು ತಾವಾಗೇ ಹೊರಡುತ್ತವೆ ಅನ್ನುವುದು ಅವನ ಲೆಕ್ಕ. ಮೇಲಿನವರಿಗೆ ಅದು ತಲೆಗೇ ಹೋಗುವುದಿಲ್ಲ. ಶುರುವಿನಲ್ಲಿ ಸೇನಾಪತಿಯಾಗಿದ್ದ ಕಾರ್ತೋ ಮೂಲತಃ ಚಿತ್ರ ಬರೆಯುವವನು! ಕೊನೆಗೆ ಡಿಸೆಂಬರಿನಲ್ಲಿ ಆ ಗುಡ್ಡದ ಮೇಲಿನ ಕೋಟೆ ಬಿತ್ತು, ಹಡಗುಗಳು ಹೊರಟವು. ಆ ರಾತ್ರಿ ತೊಡೆಗೆ ಬಯೊನೆಟ್ಟಿನ ತಿವಿತ ತಿಂದ ಹುಡುಗ ಕೆಲವೇ ದಿನದಲ್ಲಿ ಬ್ರಿಗೇಡಿಯರ್ ಜನರಲ್ ಆದ. ಟಾಮ್ ಬರ್ಕ್ ಅವರ ಮುಖದಲ್ಲಿ ಆ ಹಸಿವು, ಆ ಸಿಡುಕು ಎಷ್ಟು ಚೆನ್ನಾಗಿ ಬಂದಿದೆ ಅಂದರೆ, ನೆಪೋಲಿಯನ್ ಅಂದಕೂಡಲೆ ಈಗ ನನಗೆ ಆ ಮುಖವೇ ನೆನಪಿಗೆ ಬರುತ್ತದೆ.

ಮೂರನೇ ವರ್ಷ ಈ ಕಂತು ನೋಡಿದ ಮಾರನೇ ವಾರ ಮಕ್ಕಳನ್ನು ನಮ್ಮ ಕೋಟೆಗೆ ಕರೆದುಕೊಂಡು ಹೋದೆ. ವಾಯುವ್ಯ ಮೂಲೆಯಲ್ಲಿ, 1799ರ ಮೇ 4ರಂದು ಬ್ರಿಟಿಷರು ನುಗ್ಗಿದ ಜಾಗದಲ್ಲಿ ನಿಂತಿದ್ದೆವು. ಕೆಳಗೆ ಕಾವೇರಿ, ಬಂಡೆಗಳ ಮಧ್ಯೆ ಸಣ್ಣಗೆ ನೀರು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಸುತ್ತಲೂ ನೋಡಿ ಕೇಳಿದಳು: “ಸಾರ್, ಅಲ್ಲಿ ಗುಡ್ಡ ಹಿಡಿದ್ರೆ ಬಂದರು ಬಿತ್ತು. ಇಲ್ಲಿ ಎದುರಿಗೆ ಗುಡ್ಡಾನೇ ಇಲ್ವಲ್ಲ, ಎಲ್ಲಿಂದ ಹೊಡೆದ್ರು? ಕರಿಘಟ್ಟದಿಂದಾನಾ?”

ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ಕರಿಘಟ್ಟ 1792ರ ಮುತ್ತಿಗೆಯ ಮಾತು, ಅದು ಆ ಕಡೆ, ಪೂರ್ವಕ್ಕೆ ಅಂದೆ. 1799ರಲ್ಲಿ ಫಿರಂಗಿ ಇಟ್ಟದ್ದು ಪಶ್ಚಿಮಕ್ಕೆ, ಹೊಳೆಯಾಚೆ. ಹತ್ತಿರ ಹತ್ತಿರ ತಂದು ಇದೇ ಗೋಡೆಗೆ ಹೊಡೆದು ಒಡೆದರು. ಬೇಸಿಗೆ, ಹೊಳೆಯಲ್ಲಿ ನೀರು ಕಡಿಮೆ, ದಾಟಿ ಬಂದರು. “ಹಂಗಾದ್ರೆ ಮಳೆ ಒಂದು ತಿಂಗಳು ಮೊದ್ಲೇ ಬಂದಿದ್ರೆ?” ಅಂದಳು. ಹುಡುಗರೆಲ್ಲ ಗೋಡೆ ಬಿಟ್ಟು ಹೊಳೆ ಕಡೆ ತಿರುಗಿದರು. ಹೊರಗಿನ ದಂಡಿಗೆ ದವಸ ಮುಗಿಯುತ್ತಾ ಬಂದಿತ್ತು, ಮಳೆ ಬಂದು ಹೊಳೆ ತುಂಬಿದ್ದರೆ ಅವರು ಕಾಯುವುದೂ ಕಷ್ಟವಿತ್ತು ಎಂದು ಹೇಳಿದೆ. ಅವತ್ತು ಟಿಪ್ಪು ಬಿದ್ದ ಜಾಗಕ್ಕೆ ನಡೆದು ಹೋಗುವಾಗ ಯಾರೂ ಗಲಾಟೆ ಮಾಡಲಿಲ್ಲ.

ಅದೇ 1799ರ ಜನವರಿಯಲ್ಲಿ ಈಜಿಪ್ಟಿನಲ್ಲಿದ್ದ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ಹೊತ್ತು ದಾರಿ ತಪ್ಪಿ ಒದ್ದಾಡಿದ ಕರ್ನಲ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ. ಈ ಕಂತಾದ ಮೇಲೆ ಇದನ್ನು ಹೇಳಿದರೆ ಮಕ್ಕಳಿಗೆ ಟೂಲೋನ್ ಕೂಡ ಪಕ್ಕದ ಊರಿನ ಹಾಗೆ ಆಗಿಬಿಡುತ್ತದೆ.

ರಿಚರ್ಡ್ ಕಂತು ಮಕ್ಕಳಿಗೆ ಅಷ್ಟು ಹಿಡಿಸುವುದಿಲ್ಲ. ಜೆರುಸಲೇಮ್ ಗೆಲ್ಲಲು ಧರ್ಮಯುದ್ಧಕ್ಕೆ ಹೊರಟು, ಅದರ ಹತ್ತಿರ ಎರಡು ಸಲ ಹೋಗಿ ಮುತ್ತಿಗೆ ಹಾಕದೆ ವಾಪಸ್ ಬಂದವನನ್ನು ವೀರ ಅನ್ನಲು ಅವರಿಗೆ ಮನಸ್ಸು ಬರುವುದಿಲ್ಲ. ನಮ್ಮಪ್ಪನಿಗೆ ಮಾತ್ರ ಅದೇ ಬಹಳ ಇಷ್ಟ. ನಲವತ್ತು ವರ್ಷ ಕಬ್ಬು ಬೆಳೆದವರು, ಇಂಗ್ಲಿಷ್ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋದೆ. “ಹಿಡಿಯೋದು ಒಂದಿನದ ಕೆಲ್ಸ ಕಣಪ್ಪ, ಆಮೇಲೆ ಕಾಯೋರ್ಯಾರು? ನೀರು, ಕಾಳು ಎಲ್ಲಿಂದ ತರ್ತಾನೆ? ವಾಪಸ್ ಬಂದಿದ್ದೇ ಸರಿ” ಅಂದರು. ರಿಚರ್ಡ್ ಹಿಂದಿರುಗಿದ್ದಕ್ಕೆ ಇತಿಹಾಸಕಾರರು ಕೊಡುವ ಕಾರಣವೂ ಹೆಚ್ಚುಕಡಿಮೆ ಇದೇ.

ಟೊಕುಗಾವಾ ಕಂತನ್ನು ಹತ್ತನೇ ಕ್ಲಾಸಿಗೆ ತೋರಿಸಿ. 1600ರ ಸೆಕಿಗಾಹಾರ ಕದನದಲ್ಲಿ ಎದುರು ಪಕ್ಷದ ಕೊಬಾಯಾಕಾವಾ ಎಂಬ ದಂಡನಾಯಕ ಬೆಟ್ಟದ ಮೇಲಿಂದ ಇಳಿದು ತನ್ನ ಕಡೆಯವರ ಮೇಲೇ ಬೀಳುತ್ತಾನೆ. ಯುದ್ಧ ತಿರುಗುವುದು ಅಲ್ಲಿ. ಸ್ಪಾರ್ಟಕಸ್ ಮತ್ತು ಕೊರ್ಟೆಸ್ ಕಂತುಗಳಲ್ಲಿ ರಕ್ತ ಜಾಸ್ತಿ, ಚಿಕ್ಕವರಿಗೆ ಬೇಡ. ಕೊರ್ಟೆಸ್ ತೋರಿಸುವುದಾದರೆ ಒಂದು ಮಾತು ಸೇರಿಸಲೇಬೇಕು. 1521ರಲ್ಲಿ ಅಜ್ಟೆಕ್ ರಾಜಧಾನಿ ಬಿದ್ದದ್ದು ಒಬ್ಬ ಸಾಹಸಿಯ ಕತ್ತಿಯಿಂದಲ್ಲ. ಅಜ್ಟೆಕರ ಶತ್ರುಗಳಾದ ತ್ಲಾಸ್ಕಲಾದ ಸಾವಿರಾರು ಜನ ಅವನ ಜೊತೆಗಿದ್ದರು. ಹಿಂದಿನ ವರ್ಷವೇ ಸಿಡುಬು ಊರೂರು ಖಾಲಿ ಮಾಡಿತ್ತು. ಒಂದು ಗಂಟೆಯ ನಾಟಕದಲ್ಲಿ ನಾಯಕನ ಮುಖವೇ ದೊಡ್ಡದಾಗಿ ಕಾಣುತ್ತದೆ, ಉಳಿದದ್ದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ.

ಕೊರತೆಗಳೂ ಇವೆ. ಜಪಾನಿನವರೂ ಇಂಗ್ಲಿಷ್ ಮಾತಾಡುತ್ತಾರೆ, ಅದಕ್ಕೆ ಒಗ್ಗಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಮಾಡಿದ ದೃಶ್ಯಗಳು ಈಗ ಹಳೆಯದಾಗಿ ಕಾಣುತ್ತವೆ. ಸಂಬಂಧಿಕರೊಬ್ಬರು ಬ್ರಿಟನ್ನಿನಿಂದ ತಂದುಕೊಟ್ಟ ಡಿಸ್ಕ್ ನಮ್ಮ ಶಾಲೆಯ ಪ್ಲೇಯರಿನಲ್ಲಿ ಓಡಲಿಲ್ಲ. ಡಿವಿಡಿಗಳಿಗೆ ಪ್ರದೇಶಕ್ಕೊಂದು ರೀಜನ್ ನಂಬರ್ ಇರುತ್ತದೆ; ಅಲ್ಲಿನದು ರೀಜನ್ 2, ನಮ್ಮದು ರೀಜನ್ 5. ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು, ತಗೊಳ್ಳುವ ಮೊದಲು ನೋಡಿಕೊಳ್ಳಿ.

ನನಗೆ ನಿಜವಾಗಿ ಬೇಜಾರಾಗುವುದು ಭಾಷೆಯದು. ಕನ್ನಡ ಮೀಡಿಯಂ ಮಕ್ಕಳಿಗೆ ಆ ಇಂಗ್ಲಿಷ್ ವೇಗ ಸಿಗುವುದಿಲ್ಲ. ಹಾಗಾಗಿ ಕಂತು ನಿಲ್ಲಿಸಿ ನಿಲ್ಲಿಸಿ, ಮಾತುಗಳನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಕೋಟೆಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿಯೇ, ಈಗ ಪಿಯುಸಿ, ರಜೆಯಲ್ಲಿ ಬಂದು ಅದನ್ನು ನೀಟಾಗಿ ನಕಲು ಮಾಡಿಕೊಟ್ಟಳು. ನೆಪೋಲಿಯನ್, ರಿಚರ್ಡ್ ಮುಗಿದಿವೆ. ಈಗ ಅಟಿಲಾ ಅರ್ಧದಲ್ಲಿದೆ.